ಗೊತ್ತಿಲ್ಲದವರ ಮಾತು ಕೇಳಿ ಹೋದವಳು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷದಿಂದ ಅವಳ ಕೆಲಸ ಕಟ್ಟುಹಲ್ಲು ಮಾಡುವುದು. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಡುವುದು. ಊರಿನ ಅರ್ಧ ಮುದುಕರ ನಗು ನನ್ನ ಕೈಯಲ್ಲಿದೆ ಎಂದು ತಮಾಷೆ ಮಾಡುತ್ತಿದ್ದಳು. ಆದರೆ ಅವಳಷ್ಟು ಪುಕ್ಕಲು ಜೀವ ಇನ್ನೊಂದಿರಲಿಲ್ಲ.

ಒಂದು ದಿನ ಲ್ಯಾಬಿನ ಮಾಲೀಕ ಕರೆದು ಹೇಳಿದ: "ಹೊಸ ಶಾಖೆ ತೆಗೀತಿದೀನಿ. ಹನ್ನೆರಡು ಜನ ಇರ್ತಾರೆ, ನೀವೇ ನೋಡ್ಕೋಬೇಕು. ಮುಂದಿನ ತಿಂಗಳ ಕೊನೆಗೆ ಹೇಳಿ."

ಒಬ್ಬರಿಗೆ ಎದುರಾಡಿ ಗೊತ್ತಿಲ್ಲದವಳು ಹನ್ನೆರಡು ಜನರನ್ನು ಆಳುವುದೆಂದರೆ? ಮನೆಯಲ್ಲಿ ಕೇಳಿದರೆ ಮಾತು ಮುಗಿಯುವ ಮುಂಚೆಯೇ ಅಣ್ಣ "ಒಪ್ಕೋ" ಎಂದ, ಅತ್ತಿಗೆ "ಬೇಡ" ಎಂದಳು. ನಾಳೆ ತಪ್ಪಾದರೆ ಇಬ್ಬರೂ ಹಂಗಿಸುವವರೇ. ಗೊತ್ತಿಲ್ಲದವರಿಗೆ ಆ ಹಕ್ಕಿಲ್ಲವಲ್ಲ ಎಂದುಕೊಂಡು, ಬಸ್ಸಿನಲ್ಲಿ ಪಕ್ಕ ಕೂತವರನ್ನು, ಸಾಲಿನಲ್ಲಿ ಮುಂದೆ ನಿಂತವರನ್ನು ಕೇಳತೊಡಗಿದಳು.

ಪಾಳಿ ಮುಗಿಸಿ ಹೊರಟಿದ್ದ ಒಬ್ಬ ನರ್ಸು ಬಸ್ಸಿನಲ್ಲಿ ಹೇಳಿದಳು: "ಇದ್ದಲ್ಲೇ ಕೂತು ಯೋಚಿಸಿದ್ರೆ ಗಾಣದೆತ್ತಿನ ಹಾಗೆ ಸುತ್ತುತ್ತೀರಿ. ಬೇರೆ ಊರಲ್ಲಿ ಇದ್ದು ಬನ್ನಿ. ಎರಡು ದಿನ ಅಲ್ಲ, ಪೂರ್ತಿ ಒಂದು ತಿಂಗಳು."

ಒಂಟಿ ಹೆಂಗಸು ತಿಂಗಳು ಇರಬಹುದಾದ ಜಾಗ ಎಲ್ಲಿದೆ ಎಂದು ಫೋನಿನಲ್ಲಿ ಪ್ರವಾಸಿಗಳ ಗುಂಪೊಂದನ್ನು ಕೇಳಿದಳು. ಯಾರೋ ಸಮುದ್ರದ ಹತ್ತಿರದ ಒಂದು ಊರಿನ ವಿಳಾಸ ಕೊಟ್ಟರು. ಮಹಡಿಯ ಮೇಲೆ ಕೋಣೆ, ಕೆಳಗೆ ಮನೆಯೊಡತಿ.

"ಯಾರೋ ಹೇಳಿದ್ರು ಅಂತ ಹೋಗ್ತಾರಾ?" ಎಂದು ಅಣ್ಣ ಕೇಳಿದ. ಅಷ್ಟರಲ್ಲಿ ಅವಳು ರಜೆ ಹಾಕಿಯಾಗಿತ್ತು.

ಹೋದ ಮೇಲೆ ಎರಡು ದಿನ ಕೋಣೆಯಿಂದ ಹೊರಗೇ ಬರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ದೀಪ ಆರಿಸಿ ಕೂರುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ, ಮನೆಯೊಡತಿ ಪೇಟೆಗೆ ಹೋಗಿದ್ದಾಗ, ಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿತು. ಹೊರಗಿನಿಂದ.

ಅವಳು ಕುರ್ಚಿಯನ್ನು ಬಾಗಿಲಿಗೆ ಒತ್ತಿ ಹಿಡಿದಳು. ಬಾಗಿಲು ಒಂದು ಅಂಗುಲ ಸರಿದು ಕುರ್ಚಿಗೆ ತಾಗಿ ನಿಂತಿತು.

"ಯಾರು ಒಳಗೆ?" ಎಂದಿತು ಗಂಡಸಿನ ದನಿ. "ಇದು ಸ್ವಲ್ಪ ದಿವಸಕ್ಕೆ ನಾನು ಹಿಡಿದಿರೋ ಕೋಣೆ."

'ಸ' ಬಂದಾಗಲೆಲ್ಲ ಸಣ್ಣ ಸೀಟಿ, ಹಿಂದೆಯೇ ಟಕ್ ಎಂಬ ಸದ್ದು. ಆ ಭಯದಲ್ಲೂ ಅವಳಿಗೆ ಗೊತ್ತಾಯಿತು: ಕೆಳಗಿನ ಕಟ್ಟುಹಲ್ಲಿನ ಸೆಟ್ಟು ಸಡಿಲವಾಗಿದೆ. ಆಚೆ ನಿಂತಿರುವವನು ಮುದುಕ.

ಸಂದಿಯಿಂದ ನೋಡಿದಳು. ಮುದುಕ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದು ನಿಂತಿದ್ದ.

"ಯಾರು ಹೇಳಿದ್ರು ನಿಮಗೆ, ಇಲ್ಲಿಗೆ ಬರೋಕೆ?" ಎಂದಳು.

"ರೈಲಲ್ಲಿ ಸಿಕ್ಕಿದವರೊಬ್ಬರು. ಹೆಂಡತಿ ಹೋದಮೇಲೆ ಅಂಗಡಿ ಮಾರಲಾ ಬೇಡ್ವಾ ಅಂತ ಕೇಳಿದ್ದೆ. ತಿಂಗಳು ಎಲ್ಲಾದ್ರೂ ಇದ್ದು ಬಾ ಅಂದ್ರು. ನಿಮಗೇನನ್ನಿಸುತ್ತಮ್ಮಾ, ಮಾರಲಾ?"

"ನನ್ನ ಕೇಳ್ತೀರಾ?" ಎಂದು ಅವಳು ಕುರ್ಚಿ ಎಳೆದಳು. "ನಾನೇ ಸಿಕ್ಕಸಿಕ್ಕವರನ್ನ ಕೇಳಿ ಇಲ್ಲಿ ಬಂದು ಕೂತಿದೀನಿ."

ಸಂಜೆ ಬಂದ ಮನೆಯೊಡತಿ ತಲೆ ಚಚ್ಚಿಕೊಂಡಳು. ಅವಳ ತಮ್ಮ ಅದೇ ಕೋಣೆಯನ್ನು ಅಕ್ಕನಿಗೆ ತಿಳಿಸದೆ ಮುದುಕನಿಗೂ ಒಪ್ಪಿಸಿ ಕೀಲಿ ಕಳಿಸಿದ್ದ. ಮುದುಕನಿಗೆ ಕೆಳಗಿನ ಹಿಂದಿನ ಕೋಣೆ ಸಿಕ್ಕಿತು.

ಹಲ್ಲಕ್ಕ ತಿಂಗಳು ಪೂರ್ತಿ ಇದ್ದಳು. ಭಯ ಹೋಗಲಿಲ್ಲ, ದಿನವೂ ಬಾಗಿಲಿಗೆ ಕುರ್ಚಿ ಒತ್ತಿಯೇ ಮಲಗುತ್ತಿದ್ದಳು. ಆದರೆ ಬೆಳಿಗ್ಗೆ ಹೊರಗೆ ನಡೆದಾಡಿ ಬರುವಳು. ಆ ಊರಿನ ಹಲ್ಲಿನ ಡಾಕ್ಟರ ಬಳಿ ತಾನೇ ಮಾತಾಡಿ ಮುದುಕನ ಸೆಟ್ಟನ್ನು ಸರಿಮಾಡಿಸಿದಳು. ಗೊತ್ತಿಲ್ಲದವರೆದುರು ಅಷ್ಟು ಹೊತ್ತು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಇಪ್ಪತ್ತಾರನೆಯ ದಿನ, ಯಾರನ್ನೂ ಕೇಳದೆ, ಮಾಲೀಕನಿಗೆ ಫೋನು ಮಾಡಿದಳು.

"ಶಾಖೆ ನೋಡ್ಕೋತೀನಿ. ಆದ್ರೆ ಹನ್ನೆರಡು ಜನ ಬೇಡ, ಮೊದಲು ನಾಲ್ಕು ಜನ ಸಾಕು. ಅವರನ್ನ ನಾನೇ ಆರಿಸ್ತೀನಿ."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಐದು ಜನ ಮಾಡಿ," ಎಂದ ಮಾಲೀಕ.