ಹೂಂ ಅನ್ನಿಸುವ ಕೆಲಸ

ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವುದು ಡ್ರೆಸ್ಸರನ ಕೆಲಸ. ಆದರೆ ಅವನನ್ನು ಹುಡುಕಿಸಿ ಕರೆಸುತ್ತಿದ್ದುದು ಬೇರೊಂದಕ್ಕೆ. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಬಂದವರು, ಸತ್ತರೂ ಕಾಲು ತೆಗೆಸಲ್ಲ ಎಂದು ಹಟ ಹಿಡಿದರೆ, ದೊಡ್ಡ ಡಾಕ್ಟರು "ಸ್ವಲ್ಪ ಕನ್ವಿನ್ಸ್ ಮಾಡಪ್ಪ" ಎಂದು ಹೊರಟುಬಿಡುತ್ತಿದ್ದರು.

ಆ ಇಂಗ್ಲಿಷ್ ಮಾತಿಗೆ ಮನವರಿಕೆ ಮಾಡಿಕೊಡುವುದು ಎಂದು ಅರ್ಥವಂತೆ. ವಾರ್ಡಿನಲ್ಲಿ ಅದರರ್ಥ ಇಷ್ಟೇ: ಹೇಗಾದರೂ ಹೂಂ ಅನ್ನಿಸುವುದು. ಡ್ರೆಸ್ಸರ್ ಮಂಚದ ಅಂಚಿಗೆ ಕೂತು, ಹುಣ್ಣು ತೊಳೆಯುತ್ತ, ಮನೆಮಠ ವಿಚಾರಿಸುತ್ತ, "ಕೃತಕ ಕಾಲು ಹಾಕ್ಕೊಂಡು ಓಡಾಡ್ತೀರ ಬಿಡಿ. ಎಷ್ಟು ಜನರನ್ನ ನೋಡಿಲ್ಲ ನಾನು!" ಎನ್ನುತ್ತಿದ್ದ. ಒಬ್ಬರನ್ನೂ ನೋಡಿರಲಿಲ್ಲ. ಆದರೂ ಜನ ಒಪ್ಪುತ್ತಿದ್ದರು. "ನನ್ನ ಗಂಡಂಗೂ ಒಂದ್ಮಾತು ಹೇಳಣ್ಣ, ಹೊಸ ಫ್ರಿಜ್ ಕೊಡಿಸ್ಲಿ" ಎಂದು ನರ್ಸ್ ರೇಗಿಸುತ್ತಿದ್ದಳು.

ಒಂದು ದಿನ ಅದೇ ವಾರ್ಡಿಗೆ ಅವನ ಅಣ್ಣ ಬಂದ. ಅಪ್ಪ ಹೋದಮೇಲೆ ಹೊಲಿಗೆ ಮೆಷಿನ್ ತುಳಿದು ತಮ್ಮನನ್ನು ಸಾಕಿದವನು. ಪಾದ ಕಪ್ಪಿಟ್ಟಿತ್ತು.

"ಊರಿಗೆಲ್ಲ ಹೇಳೋದನ್ನ ನನಗೆ ಹೇಳ್ಬೇಡ ಕಣೋ," ಎಂದ ಅಣ್ಣ. "ನಿಜ ಹೇಳು. ತೆಗೆದ್ಮೇಲೆ ಏನಾಗುತ್ತೆ?"

ಡ್ರೆಸ್ಸರ್ ಕೈಯಲ್ಲಿದ್ದ ಪಟ್ಟಿ ಕೆಳಗಿಟ್ಟ. "ಕೆಲವರು ಇನ್ನೊಂದು ಕಾಲಲ್ಲೂ ಹುಣ್ಣಾಗಿ ವಾಪಸ್ ಬರ್ತಾರೆ. ಉಳಿದವರ ಸುದ್ದಿ ನನಗೂ ಗೊತ್ತಿಲ್ಲ. ಆದ್ರೂ ತೆಗೆಸ್ಕೊ ಅಣ್ಣ, ಕಾಲಿಗೆ ಬೀಳ್ತೀನಿ."

"ಸಾಕು," ಎಂದು ಅಣ್ಣ ಮನೆಗೆ ಹೊರಟ. ನಂಜು ಮೈಗೆಲ್ಲ ಏರಿತು. ಹೆಚ್ಚು ದಿನ ಉಳಿಯಲಿಲ್ಲ.

ಹೆಣ ಎತ್ತುವ ಮುಂಚೆ ಅತ್ತಿಗೆ ಕೇಳಿದಳು: "ಯಾರ್ಯಾರನ್ನೋ ಒಪ್ಪಿಸ್ತೀಯಲ್ಲಪ್ಪ, ಒಡಹುಟ್ಟಿದವನಿಗೆ ಒಂದು ಸುಳ್ಳು ಹೇಳೋಕಾಗ್ಲಿಲ್ವಾ?"

ಅವನು ಬಗ್ಗಿ ಚಟ್ಟದ ಹಗ್ಗ ಬಿಗಿದ.

ಮತ್ತೆ ಕೆಲಸಕ್ಕೆ ಬಂದಾಗ ಲಾರಿ ಡ್ರೈವರ್ ಒಬ್ಬ ಹಟ ಹಿಡಿದು ಮಲಗಿದ್ದ. ಡಾಕ್ಟರು ಅದೇ ಮಾತು ಹೇಳಿ ಹೋದರು.

"ನಡೀತೀನಾ?" ಎಂದ ಡ್ರೈವರ್.

"ನಡೀತೀರ," ಎಂದ ಡ್ರೆಸ್ಸರ್, ಹುಣ್ಣಿನಿಂದ ತಲೆ ಎತ್ತದೆ. ಡ್ರೈವರ್ ಒಪ್ಪಿದ. ಜೀವ ಉಳಿಯಿತು.

ಕೆಲವು ತಿಂಗಳ ಮೇಲೆ ಡ್ರೆಸ್ಸರ್ ವಿಳಾಸ ಕೇಳಿಕೊಂಡು ಅವನ ಮನೆ ಹುಡುಕಿದ. ಹಾಗೆ ಹೋದದ್ದು ಅದೇ ಮೊದಲು. ಡ್ರೈವರ್ ಕುರ್ಚಿಯಲ್ಲಿದ್ದ. ಕೃತಕ ಕಾಲು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

"ಸುಳ್ಳು ಹೇಳಿದ್ರಿ, ಅಲ್ವಾ?"

"ಹೌದು."

ಡ್ರೈವರ್ ಕೈ ಚಾಚಿದ. "ಬಂದಿದ್ದೀರಲ್ಲ, ಸ್ವಲ್ಪ ಎಬ್ಬಿಸಿ. ಬಚ್ಚಲಿಗೆ ಹೋಗ್ಬೇಕು. ನಮ್ಮವಳು ಬರೋದು ಸಂಜೆಗೆ."

ಡ್ರೆಸ್ಸರ್ ಬಗ್ಗಿ ಅವನ ಕಂಕುಳಿಗೆ ಹೆಗಲು ಕೊಟ್ಟ.