ನೀಲಮ್ಮಜ್ಜಿಯ ಕಂದೀಲು

ಗೆಳೆಯರೇ, ಕೆಟ್ಟುಹೋದ ಚಿತ್ರವೊಂದನ್ನು ಇಂದು ಬೆಳಿಗ್ಗೆ ಅಂಜುತ್ತಲೇ ನೀಲಮ್ಮಜ್ಜಿಯ ಕೈಗಿಟ್ಟೆ.

ತುಂಗಭದ್ರೆಗೆ ಅಣೆಕಟ್ಟು ಕಟ್ಟಿದರೆ ಅಜ್ಜಿಯ ಊರು ನೀರಿನಡಿ ಹೋಗುತ್ತದೆ. "ದೀಪ ಹಚ್ಚೋ ಹೊತ್ತಿನ್ಯಾಗ ನಮ್ಮೂರು ಭಾಳ ಛಂದ ಕಾಣತೈತಿ, ಅದರ ಫೋಟೋ ತೆಗಿಯಪಾ" ಎಂದು ಆಕೆಯೇ ಕೇಳಿದ್ದಳು. ಯುದ್ಧದ ಕಾಲ, ಸಾಮಾನು ಸಿಗುವುದಿಲ್ಲ; ಚಿತ್ರ ಮೂಡಿಸುವ ಗಾಜಿನ ಪ್ಲೇಟು ನನ್ನ ಹತ್ತಿರ ಉಳಿದಿದ್ದು ಒಂದೇ.

ನಿನ್ನೆ ಸಂಜೆ ಊರೆದುರಿನ ದಿಬ್ಬದ ಮೇಲೆ ಕ್ಯಾಮೆರಾ ನಿಲ್ಲಿಸಿ ಅದರ ಮುಚ್ಚಳ ತೆಗೆದೆ. ಮಬ್ಬು ಬೆಳಕಿನಲ್ಲಿ ಚಿತ್ರ ಮೂಡಬೇಕಾದರೆ ಬಹಳ ಹೊತ್ತು ಹಾಗೇ ತೆರೆದಿಡಬೇಕು. ಅಷ್ಟರಲ್ಲಿ ಅಜ್ಜಿ ಕಂದೀಲು ಹಿಡಿದು ಮನೆಯಿಂದ ನೇರ ಕ್ಯಾಮೆರಾದತ್ತಲೇ ಬಂದಳು.

"ಯಮ್ಮಾ, ದೀಪ ತರಬ್ಯಾಡ್ರಿ!" ಎಂದು ಕೂಗಿದೆ.

"ಕತ್ತಲದಾಗ ಒಬ್ಬನ ನಿಂತೀದಿ. ದೀಪ ಬಂದಾಗ ಕೈ ಮುಗೀಬೇಕು, ಬ್ಯಾಡ ಅನಬಾರದು" ಎಂದಳು.

ಮನೆಯಲ್ಲಿ ಕಲಿತ ಅಭ್ಯಾಸ ನೋಡಿ, ಮುಚ್ಚಳ ಹಾಕುವುದು ಬಿಟ್ಟು ಕೈ ಮುಗಿದೆ!

ಆಮೇಲೆ ಅವಸರದಲ್ಲಿ ಬೇಗನೆ ಮುಚ್ಚಿಬಿಟ್ಟಿದ್ದರಿಂದ ಚಿತ್ರದಲ್ಲಿ ಊರು ಮೂಡಲೇ ಇಲ್ಲ. ಕಪ್ಪಿನ ನಡುವೆ ಕಂದೀಲು ಸಾಗಿ ಬಂದ ಬಿಳಿ ಗೆರೆ ಮಾತ್ರ ಇದೆ. ಅಜ್ಜಿ ಅದರ ಮೇಲೆ ಬೆರಳಾಡಿಸಿದಳು. "ಇದು ನಾ ಬಂದ ದಾರಿ ಹೌದಲ್ಲೋ? ಹಂಗಾದ್ರ ಈ ತುದೀಗೆ ನಮ್ಮ ಮನಿ. ಬಾಜೂಕ ಗೌಡ್ರ ಮನಿ. ಇಲ್ಲಿ ಬೇವಿನ ಗಿಡ." ಹೀಗೆ ಆ ಕಪ್ಪಿನಲ್ಲಿ ಇಡೀ ಊರು ತೋರಿಸಿದಳು.

ನಾನು ಹೊರಡುವಾಗ ಬೆನ್ನು ತಟ್ಟಿದಳು. "ಛಲೋ ಬಂದೈತಿ. ನಾ ದೀಪ ತರಲಿಲ್ಲಂದ್ರ ಇಷ್ಟೂ ಬರ್ತಿರಲಿಲ್ಲ ನೋಡು."

ಅಲ್ಲವೆಂದು ತೋರಿಸಲು ನನ್ನ ಬಳಿ ಇನ್ನೊಂದು ಪ್ಲೇಟೂ ಇಲ್ಲ.