ಕೆಂಪು ಬೊಟ್ಟಿನ ಪುಸ್ತಕಗಳು

ರಾತ್ರಿ ಕುರಿ ಕೂಡುವ ನಮ್ಮ ರೊಪ್ಪದಲ್ಲಿ ಒಂದರ ಬೆನ್ನಿಗೆ ಕೆಂಪು ಬಣ್ಣ ಬಿತ್ತೆಂದರೆ ಆ ಕುರಿ ಇನ್ನು ನಮ್ಮದಲ್ಲ. ಚಳ್ಳಕೆರೆಯ ವ್ಯಾಪಾರಿ ಬಂದು ಆರಿಸಿ, ಬೆರಳಲ್ಲಿ ಬಣ್ಣ ಅದ್ದಿ ಒಂದು ಗುರುತು ಎಳೆದು ಹೋಗುತ್ತಾನೆ. ಮರುದಿನ ಗಾಡಿ ಬರುವವರೆಗೆ ಅದು ಉಳಿದವುಗಳ ಜೊತೆಯಲ್ಲೇ ಮೇಯುತ್ತಿರುತ್ತದೆ. ಅದಕ್ಕೇನೂ ಗೊತ್ತಿರುವುದಿಲ್ಲ. ನಮ್ಮ ಕುರಿ ಮೇಯುತ್ತಿದ್ದ ಹುಲ್ಲಿನ ಕಾವಲಿನಲ್ಲೂ ಹೀಗೇ ಆಯಿತು. ಯಾರೋ ಬಂದು ಕಲ್ಲುಗಳಿಗೆ ಬಣ್ಣ ಹಚ್ಚಿದರು. ಯಾಕೆ ಎಂದು ಕೇಳಿದರೆ ಅಳತೆಗೆ ಎಂದರು. ಆಮೇಲೆ ಗೋಡೆ ಎದ್ದಿತು. ನಾವು ಕುರಿ ಹೊಡೆದುಕೊಂಡು ಸುತ್ತಿ ಹೋಗುವುದನ್ನು ಕಲಿತೆವು.

ಇದನ್ನು ಮೊದಲು ಹೇಳುತ್ತಿರುವುದು ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಅಲ್ಲ. ಬಣ್ಣದ ಗುರುತು ಕಂಡರೆ ನನ್ನ ಮನಸ್ಸು ಎತ್ತ ಓಡುತ್ತದೆ ಎಂಬುದು ತಿಳಿದಿರಲಿ ಎಂದು.

ನನ್ನ ತಂಗಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ನಾನು ಐದರ ತನಕ ಹೋದವನು. ನಮ್ಮ ಹಟ್ಟಿಯಿಂದ ಹೋಗುತ್ತಿದ್ದ ಮೂವರು ಹುಡುಗರಿಗೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಜಾಗ. ಮೈಯಿಂದ ಕುರಿ ವಾಸನೆ ಬರುತ್ತದೆ ಎಂದು ಮೇಷ್ಟ್ರು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. "ಅಲ್ಲಿ ಗಾಳಿ ಚೆನ್ನಾಗಿ ಬರ್ತೈತೆ, ಅಲ್ಲೇ ಕೂತ್ಕಳ್ರೋ" ಎನ್ನುತ್ತಿದ್ದರು. ಐದು ಮುಗಿದ ಮೇಲೆ ನಾನು ಹೋಗಲಿಲ್ಲ, ಯಾಕೆ ಬರಲಿಲ್ಲ ಎಂದು ಯಾರೂ ಕೇಳಲೂ ಇಲ್ಲ.

ಹೋದ ವರ್ಷ ತಂಗಿ ಶಾಲೆಯ ಲೈಬ್ರರಿಯಿಂದ ಪುಸ್ತಕ ತರಲು ಶುರು ಮಾಡಿದಳು. ಪ್ರತಿ ಸಲವೂ ತೆಳ್ಳನೆಯದು, ಪುಟಕ್ಕೆ ಎರಡು ಸಾಲು, ಉಳಿದದ್ದೆಲ್ಲ ಚಿತ್ರ. ರಟ್ಟಿನ ಮೂಲೆಯಲ್ಲಿ ಒಂದು ಕೆಂಪು ಬೊಟ್ಟು. ಅವ್ವನಿಗೆ ಪೇಪರು ಓದಿ ಹೇಳುವ ಹುಡುಗಿಗೆ ಕಾಗೆ ಗುಬ್ಬಿಯ ಪುಸ್ತಕ ಯಾಕೆ ಕೊಡುತ್ತಾರೆ?

"ಏನಿದು ಗುರ್ತು?" ಎಂದು ಕೇಳಿದೆ.

"ಲೈಬ್ರರೀದು ಅಣ್ಣ."

"ಕೆಂಪು ಯಾರ್‍ಯಾರಿಗೆ ಕೊಡ್ತಾರೆ?"

"ಎಲ್ಲರಿಗೂ."

"ಕಿರಾಣಿ ಅಂಗಡಿಯವರ ಮಗಳಿಗೂ?"

"ಹೂಂ, ಅವಳಿಗೂ. ನೀನೇನು ಪೊಲೀಸಾ?"

ನಕ್ಕಳು. ಆದರೆ ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಹೇಳಬಾರದ್ದು ಏನೋ ಇದೆ ಎಂದು ಅವತ್ತೇ ನನಗೆ ಅನ್ನಿಸಿತು.

ಅದೇ ದಿನಗಳಲ್ಲಿ ಅವ್ವನ ಹಣೆಬೊಟ್ಟಿನ ಸ್ಟಿಕ್ಕರ್ ಚೀಟಿಗಳು ಕಾಣೆಯಾಗತೊಡಗಿದವು. "ಈ ಮನೇಲಿ ಬೊಟ್ಟೂ ನಿಲ್ಲಲ್ವಲ್ಲ" ಎಂದು ಅವ್ವ ಗೊಣಗಿದರೆ ತಂಗಿ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದಳು. ಅದನ್ನೂ ನಾನು ನೋಡಿಟ್ಟುಕೊಂಡೆ.

ಒಂದು ದಿನ ಬೇಕೆಂದೇ ಕುರಿಗಳನ್ನು ಶಾಲೆಯ ಕಾಂಪೌಂಡಿನ ಕಡೆ ಹೊಡೆದುಕೊಂಡು ಹೋದೆ. ಲೈಬ್ರರಿಯ ಕಿಟಕಿ ಬೀದಿಗೆ ಇದೆ. ಒಳಗೆ ಉಳಿದ ಮಕ್ಕಳು ಮೇಜಿನ ಸುತ್ತ ಕೂತಿದ್ದರು. ನನ್ನ ತಂಗಿ ಮಾತ್ರ ಮೂಲೆಯಲ್ಲಿ ನೆಲದ ಮೇಲೆ. ಜೊತೆಗೆ ಮೊಳಕಾಲ್ಮೂರು ಕಡೆಯಿಂದ ಹೊಸದಾಗಿ ಬಂದ ಒಬ್ಬ ಹುಡುಗಿ. ಆ ಹುಡುಗಿಯ ತಾಯಿ ನಮ್ಮೂರಿಗೆ ಕೂಲಿಗೆ ಬಂದವಳು, ಮನೆಯಲ್ಲಿ ತೆಲುಗು ಮಾತು. ಇಬ್ಬರ ನಡುವೆ ಕೆಂಪು ಬೊಟ್ಟಿನ ಪುಸ್ತಕ. ನನಗೆ ಅಷ್ಟೇ ಸಾಕಾಯಿತು. ಕುರಿಯವರ ಮಗಳು, ಕೂಲಿಯವರ ಮಗಳು, ಮೂಲೆ, ಕೆಂಪು ಗುರುತು.

ಆ ಶನಿವಾರ ಪೋಷಕರ ಸಭೆ. ಅವ್ವ ನನ್ನನ್ನು ಕಳಿಸಿದಳು. ಎಲ್ಲರೂ ಬೇವಿನ ಮರದ ಕೆಳಗೆ ಕೂತಿದ್ದಾಗ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ. ಲೈಬ್ರರಿಯ ಬಾಗಿಲು ತೆರೆದೇ ಇತ್ತು. ಕೆಂಪಿನವೆಲ್ಲ ಕೆಳಗಿನ ಸಾಲಿನಲ್ಲಿ, ಒಂದೇ ಕಡೆ. ನೆಲಕ್ಕೆ ಕೂತು ಹೆಬ್ಬೆರಳಿನ ಉಗುರಿನಿಂದ ಕೀಳುತ್ತಾ ಹೋದೆ. ನಾಲ್ಕನೆಯದೋ ಐದನೆಯದೋ ಕೀಳುವಾಗ ಉಗುರಿಗೆ ಮಖಮಲ್ಲಿನ ಹಾಗೆ ಮೆತ್ತಗೆ ತಾಕಿತು. ಅವ್ವನ ಬೊಟ್ಟು! ಅಲ್ಲಿಗಾದರೂ ನಾನು ನಿಲ್ಲಬೇಕಿತ್ತು. ಆದರೆ ನನ್ನ ತಲೆ ಬೇರೆಯೇ ಹೇಳಿತು: ನಮ್ಮನ್ನು ಬೇರೆ ಮಾಡುವ ಗುರುತನ್ನೂ ನಮ್ಮ ಮನೆಯಿಂದಲೇ ತರಿಸಿದ್ದಾರೆ. ಇನ್ನೂ ಜೋರಾಗಿ ಕಿತ್ತೆ. ಒಂದು ರಟ್ಟಿನ ಮೇಲಿದ್ದ ಕಾಗೆಯ ಕಣ್ಣೇ ಬೊಟ್ಟಿನ ಜೊತೆ ಎದ್ದು ಬಂತು. ಎಲ್ಲವನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು, ಆ ಪುಸ್ತಕಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಸಿಕ್ಕಿಸಿ, ಸಭೆಗೆ ಬಂದು ಕೂತೆ. ಗೆದ್ದವನ ಹಾಗೆ ಕೂತಿದ್ದೆ.

ಸೋಮವಾರ ತಂಗಿ ಅಳುತ್ತಾ ಬಂದಳು. ನಾನು ಅಂಗಳದಲ್ಲಿ ಒಂದು ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದೆ. ಒಳಗೆ ಅವ್ವನಿಗೆ ಅವಳು ಹೇಳಿದ್ದೆಲ್ಲ ಕೇಳಿಸಿತು.

ಲೈಬ್ರರಿಯ ಕೀ ಆ ತಿಂಗಳು ಅವಳ ಹತ್ತಿರ ಇತ್ತಂತೆ. ಕೆಂಪು ಬೊಟ್ಟು ಎಂದರೆ ಸುಲಭವಾಗಿ ಓದಬಹುದಾದ ಪುಸ್ತಕ. ಎಂಟಕ್ಕೆ ಬಂದರೂ ಅಕ್ಷರ ಕೂಡಿಸಲು ಬಾರದ ಮಕ್ಕಳಿದ್ದರು, ಕನ್ನಡ ಹೊಸದಾದವರಿದ್ದರು. ಅವರು ಮಾತ್ರ ಕೆಂಪು ತೆಗೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೆ ಲೈಬ್ರರಿ ನೋಡಿಕೊಳ್ಳುವ ಮೇಡಂ ಒಂದು ನಿಯಮ ಮಾಡಿದ್ದರು: ಯಾರೇ ಆಗಲಿ, ತಮ್ಮ ಪುಸ್ತಕದ ಜೊತೆ ಒಂದು ಕೆಂಪಿನದನ್ನೂ ಒಯ್ಯಬೇಕು. ಯಾಕೆ ಎಂದು ಹೊರಗೆ ಹೇಳಬಾರದು. ತಂಗಿ ತನ್ನ ದಪ್ಪ ಪುಸ್ತಕವನ್ನು ಊಟದ ಬಿಡುವಿನಲ್ಲಿ ಅಲ್ಲೇ ಓದಿ, ಕೆಂಪಿನದನ್ನು ಮನೆಗೆ ತರುತ್ತಿದ್ದಳು. ಮೂಲೆಯಲ್ಲಿ ಕೂತು ಆ ಹೊಸ ಹುಡುಗಿಗೆ ಓದಿಸುತ್ತಿದ್ದವಳೂ ಅವಳೇ. ಗುರುತಿನ ಕಾಗದ ಮುಗಿದಾಗ ಅವ್ವನ ಬೊಟ್ಟು ಒಯ್ದು ಅಂಟಿಸಿದವಳೂ ಅವಳೇ; ಅದೊಂದನ್ನು ಅವ್ವನಿಗೆ ಹೇಳಲಿಲ್ಲ, ನನಗೇ ಹೊಳೆಯಿತು.

"ಇವತ್ತು ಆ ಮೊಳಕಾಲ್ಮೂರು ಹುಡುಗಿ ಯಾವುದೋ ಪುಸ್ತಕ ತೆಗೆದ್ಲು ಅವ್ವ. ಬೊಟ್ಟೇ ಇಲ್ವಲ್ಲ, ಅವಳಿಗೆ ಹೆಂಗೆ ಗೊತ್ತಾಗಬೇಕು? ಹುಡುಗ್ರು ಓದು ಅಂದ್ರು. ಓದೋಕೆ ಬರಲಿಲ್ಲ. ಎಲ್ಲಾ ನಕ್ರು. ಅವಳು ಚೀಲ ತಗಂಡು ಮನೆಗೆ ಹೋಗ್‌ಬಿಟ್ಲು."

"ನಿಂಗೇನಂದ್ರು?"

"ಕೀ ನಿನ್ನ ಹತ್ರ ಇತ್ತಲ್ಲ, ಇನ್ಯಾರು ಕೀಳ್ತಾರೆ ಅಂದ್ರು ಹುಡುಗ್ರು. ಮೇಡಂ ಕೀ ಇಸ್ಕಂಡ್ರು."

ನಾನು ಮರಿಯ ಕಾಲು ಹಿಡಿದೇ ಇದ್ದೆ. ಎದ್ದು ಒಳಗೆ ಹೋಗಲು ನಾಲ್ಕು ಹೆಜ್ಜೆ. ಹೋಗಲಿಲ್ಲ.

ಮೂರನೆಯ ದಿನ ಅವ್ವ ನನ್ನ ಅಂಗಿ ಒಗೆಯಲು ತೆಗೆದುಕೊಂಡಳು. ಜೇಬಿನಿಂದ ಬೊಟ್ಟುಗಳು ಕಲ್ಲಿನ ಮೇಲೆ ಉದುರಿದವು.

"ಯಾರ ಹಣೇವೋ ಇವು?" ಎಂದಳು. ದನಿ ಗಟ್ಟಿಯಾಗಿತ್ತು.

ಯಾವುದೋ ಹುಡುಗಿಯ ವಿಷಯ ಎಂದು ಅವಳು ನಂಬಿದಳು, ನಾನು ನಂಬಲು ಬಿಟ್ಟೆ. ನಿಜ ಹೇಳುವುದಕ್ಕಿಂತ ಆ ಅಪವಾದ ಹಗುರ ಅನ್ನಿಸಿತು. ತಂಗಿ ಓಡಿ ಬಂದಳು. ಎರಡು ದಿನದಿಂದ ನಗದವಳು ನಕ್ಕಳು.

"ಅತ್ತಿಗೆ ಯಾವೂರಣ್ಣ? ನನ್ನಿವಾಳದೋಳಾ? ಒಂದೇ ಹಣೆಗೆ ಇಷ್ಟೊಂದು ಇಡ್ತಾಳಾ?"

ಹೇಳುತ್ತಲೇ ಒಂದನ್ನು ಎತ್ತಿ ತಿರುಗಿಸಿದಳು. ಹಿಂಬದಿಗೆ ಕಾಗದ ಅಂಟಿತ್ತು. ಕಾಗದದ ಮೇಲೆ ಕಾಗೆಯ ಕಣ್ಣು. ನಗು ಅಲ್ಲೇ ನಿಂತಿತು. ಅವ್ವ ಸೋಪು ಹುಡುಕಲು ಒಳಗೆ ಹೋದಾಗ ಮೆಲ್ಲಗೆ ಕೇಳಿದಳು, "ಯಾಕಣ್ಣ?"

ಕುರಿಯ ಬಣ್ಣ, ಕಾವಲಿನ ಕಲ್ಲು, ನನ್ನ ಬಾಗಿಲ ಪಕ್ಕದ ಜಾಗ, ಎಲ್ಲ ಬಾಯಿಗೆ ಬಂತು. ಹೇಳಿದ್ದು ಮಾತ್ರ, "ನಿನ್ನ ಒಳ್ಳೇದಕ್ಕೇ ಕಣೆ."

"ನಾಳೆ ಬಂದು ಮೇಡಂಗೆ ಹೇಳು."

"ಬರ್ತೀನಿ."

ಹೋಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಅವಳೇ ಹೇಳಬಹುದಿತ್ತು. ಹೇಳದೆ, ಹುಡುಗರ ಮಾತು ಕೇಳಿಸಿಕೊಳ್ಳುತ್ತಾ ಶಾಲೆಗೆ ಹೋಗಿ ಬಂದಳು. ಒಂದು ಮಾತ್ರ ಬದಲಾಯಿತು. ಮನೆಗೆ ತರುವ ಪುಸ್ತಕಕ್ಕೆಲ್ಲ ಪೇಪರು ಸುತ್ತಿ ತರತೊಡಗಿದಳು, ನನಗೆ ರಟ್ಟು ಕಾಣದ ಹಾಗೆ. ಮಲಗುವಾಗ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ನಾನು ಹತ್ತಿರ ಹೋದರೆ ಅವಳ ಕೈ ದಿಂಬಿನ ಮೇಲೆ ಬರುತ್ತಿತ್ತು.

ಅದನ್ನು ಬಹಳ ದಿನ ನೋಡಲಾಗಲಿಲ್ಲ. ಚಳ್ಳಕೆರೆ ಸಂತೆಯಿಂದ ಕೆಂಪು ಬೊಟ್ಟಿನ ಚೀಟಿಗಳನ್ನು ತಂದು, ಒಂದು ಮಧ್ಯಾಹ್ನ ಶಾಲೆಗೆ ಹೋದೆ. ಲೈಬ್ರರಿಯಲ್ಲಿ ಮಕ್ಕಳಿದ್ದರು. ಅವರೆದುರೇ ಮೇಡಂಗೆ ಹೇಳಿದೆ, ಕಿತ್ತವನು ನಾನು, ತಂಗಿಯದೇನೂ ತಪ್ಪಿಲ್ಲ ಎಂದು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ.

"ಎಷ್ಟನೇ ಕ್ಲಾಸು ಓದಿದ್ದೀರಿ?" ಎಂದರು.

"ಐದು."

"ಯಾವುದು ಸುಲಭ ಅಂತ ಪಟ್ಟಿ ಮಾಡಿಟ್ಟಿಲ್ಲ. ನಾನು ಓದಿದ್ರೆ ಎಲ್ಲಾ ಸುಲಭವೇ. ನೀವೇ ಓದಿ ನೋಡಿ. ಗಟ್ಟಿಯಾಗಿ ಓದಿ. ಎಲ್ಲೂ ತಡವರಿಸದೆ ಮುಗಿದ್ರೆ ಅದಕ್ಕೆ ಬೊಟ್ಟಿಡಿ."

ಮಕ್ಕಳೆದುರು ನನ್ನ ಮಾನ ತೆಗೆಯಲು ಹೀಗೆ ಮಾಡಿದರೋ, ನಿಜವಾಗಿ ನನ್ನಿಂದ ಕೆಲಸ ಬೇಕಿತ್ತೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಮೂಲೆಯಲ್ಲಿ ನೆಲದ ಮೇಲೆ ಕೂತೆ. ಮೊದಲ ಪುಸ್ತಕದ ಎರಡನೇ ಪುಟದಲ್ಲೇ ಒಂದು ಒತ್ತಕ್ಷರಕ್ಕೆ ನಾಲಿಗೆ ಸಿಕ್ಕಿಕೊಂಡಿತು. ಯಾರೋ ಕಿಸಕ್ಕೆಂದರು. ಆ ಪುಸ್ತಕವನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದೆ. ಕಣ್ಣಿಲ್ಲದ ಕಾಗೆಯದು. ಅದು ಮುಗಿಯಿತು. ಬೊಟ್ಟಿಟ್ಟೆ.

ಮೊಳಕಾಲ್ಮೂರು ಕಡೆಯ ಹುಡುಗಿ ಅವತ್ತು ಬಂದಿರಲಿಲ್ಲ. ಅವತ್ತು ಮಾತ್ರವಲ್ಲ, ಎಲ್ಲರೂ ನಕ್ಕ ದಿನದಿಂದ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಇವತ್ತಿನವರೆಗೂ ಇಟ್ಟಿಲ್ಲ.

ತಂಗಿ ಇಡೀ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ನಾನು ಓದುವುದನ್ನು ಅವಳು ಕೇಳುತ್ತಿರಲಿಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದಳು. ಬೆಲ್ಲು ಹೊಡೆದಾಗ ಉಳಿದದ್ದನ್ನು ನಾಳೆ ಓದುತ್ತೇನೆ ಎಂದು ಎದ್ದೆ. ಅವಳು ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಅಣ್ಣ, ಜೇಬು ತೋರ್ಸು."

ಒಳಗಿನ ಬಟ್ಟೆ ಹೊರಗೆ ಬರುವ ಹಾಗೆ ಎರಡೂ ಜೇಬು ಎಳೆದು ತೋರಿಸಿದೆ. ನೋಡಿದಳು. ಆಮೇಲೆ ಕೈ ತೆಗೆದಳು.